ಹಿಮದ ಮೇಲೆ ಟ್ರ್ಯಾಕ್ಟರ್ ಗಾಲಿ ಜಾರುವ ದೋಷ: ಹುಡುಕುವ ಕ್ರಮ ಮತ್ತು ನಿವಾರಣೆ

ಪುಣೆಯಿಂದ ಸೋಲಾಪುರಕ್ಕೆ ಹೋಗುವ ರಸ್ತೆಯಲ್ಲಿ, ಲೋಣಿ ಕಾಳಭೋರಿನ ಹತ್ತಿರ ಇರುವ ನಮ್ಮ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿಗೆ ಬರುವ ಚಾಲಕರಲ್ಲಿ ಹೆಚ್ಚಿನವರು ಇಂಡಿ, ಸಿಂದಗಿ, ಅಫಜಲಪುರದ ಕಡೆಯವರು. ಕಬ್ಬಿನ ಹಂಗಾಮಿನಲ್ಲಿ ಟ್ರಾಲಿ ಎಳೆಯುವುದು, ಮಳೆಗಾಲದಲ್ಲಿ ಮುಳಶಿ ಮತ್ತು ತಾಮ್ಹಿಣಿ ಘಾಟಿನ ರಸ್ತೆಗಳಿಗೆ ಇಳಿದು ಬಂದ ಕೆಸರನ್ನು ಮುಂಬದಿಯ ಬ್ಲೇಡಿನಿಂದ ಬದಿಗೆ ತಳ್ಳುವುದು ಅವರ ದುಡಿಮೆ. ‘ಗಾಲಿ ಸ್ಲಿಪ್ ಹೊಡೀತದ’ ಎಂಬ ದೂರು ನಮಗೆ ಹೊಸದಲ್ಲ. ಆದರೆ ಈ ಚಳಿಗಾಲದಲ್ಲಿ ಅದೇ ದೂರು ಹಿಮಾಚಲದ ಲಾಹೌಲ್ ಕಣಿವೆಯಿಂದ ಫೋನಿನಲ್ಲಿ ಬಂದಾಗ, ಇಲ್ಲಿಯ ಕೆಸರಿನಲ್ಲಿ ಕಲಿತ ಪಾಠದ ಎಷ್ಟು ಭಾಗ ಅಲ್ಲಿ ನಡೆಯುತ್ತದೆ, ಎಷ್ಟು ಭಾಗ ಕೈಕೊಡುತ್ತದೆ ಎಂಬುದು ನನಗೆ ತಿಳಿಯಿತು. ಕೈಕೊಟ್ಟ ಭಾಗವನ್ನೂ ಮುಚ್ಚಿಡದೆ ಕೆಳಗೆ ಬರೆದಿದ್ದೇನೆ.

ರೋಹ್ತಾಂಗದ ಕೆಳಗಿನ ಅಟಲ್ ಸುರಂಗವು 2020ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆದ ಮೇಲೆ, ಮೊದಲು ಚಳಿಗಾಲದ ತಿಂಗಳುಗಟ್ಟಲೆ ಹೊರಜಗತ್ತಿನ ರಸ್ತೆ ಸಂಪರ್ಕವೇ ಇಲ್ಲದಿದ್ದ ಆ ಕಣಿವೆಗೆ ಈಗ ಹಿಮದ ದಿನಗಳಲ್ಲೂ ಪ್ರವಾಸಿಗರು ಹೋಗುತ್ತಾರೆ. ಹೆದ್ದಾರಿಯ ಹಿಮವನ್ನು ತೆಗೆಯಲು ಗಡಿ ರಸ್ತೆಗಳ ಸಂಘಟನೆಯ ದೊಡ್ಡ ಯಂತ್ರಗಳಿವೆ. ವಸತಿಗೃಹಗಳ ಅಂಗಳ ಮತ್ತು ವಾಹನ ನಿಲ್ಲಿಸುವ ಜಾಗಗಳನ್ನು ಆಯಾ ಮಾಲೀಕರೇ ಬಿಡಿಸಿಕೊಳ್ಳಬೇಕು. ನಮ್ಮ ಶೆಡ್ಡಿನಲ್ಲೇ ಕೆಲಸ ಕಲಿತ ಸಿಂದಗಿಯ ಹುಡುಗನೊಬ್ಬ ಗುತ್ತಿಗೆದಾರನೊಬ್ಬನ 45 ಅಶ್ವಶಕ್ತಿಯ ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿಗೆ ಆರು ಅಡಿಯ ಬ್ಲೇಡ್ ಕಟ್ಟಿಕೊಂಡು ಅಂಥದೊಂದು ಕೆಲಸಕ್ಕೆ ಹೋಗಿದ್ದ. ಜನವರಿಯ ಒಂದು ಬೆಳಿಗ್ಗೆ ಅವನ ಫೋನ್ ಬಂತು: “ಅಣ್ಣಾರ, ಎರಡೂ ಗಾಲಿ ತಿರಗತಾವ್ರಿ, ಗಾಡಿ ಮಾತ್ರ ಇದ್ದಲ್ಲೇ ಅದ.”

ಯಾವ ಗಾಲಿ ತಿರುಗುತ್ತಿದೆ?

ಈ ದೋಷವನ್ನು ಹುಡುಕುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಆಗಿದ್ದು, ಹುಡುಗ ಅದಕ್ಕೆ ತಾನಾಗಿಯೇ ಉತ್ತರ ಕೊಟ್ಟಿದ್ದ. ಎಷ್ಟೋ ಮಂದಿ ಕೊಡುವುದಿಲ್ಲ. ‘ಎಳೆಯುತ್ತಿಲ್ಲ’ ಎಂದಷ್ಟೇ ಹೇಳುತ್ತಾರೆ. ಬ್ಲೇಡಿಗೆ ಭಾರ ಬಿದ್ದಾಗ ಇನ್ನೊಬ್ಬರನ್ನು ಸುರಕ್ಷಿತ ದೂರದಲ್ಲಿ ಪಕ್ಕಕ್ಕೆ ನಿಲ್ಲಿಸಿ, ಹಿಂದಿನ ಎರಡೂ ಗಾಲಿಗಳನ್ನು ನೋಡಲು ಹೇಳಬೇಕು. ಎಂಜಿನ್ ಜೋರಾಗಿ ಓಡುತ್ತಿದ್ದು ಗಾಲಿಗಳೆರಡೂ ನಿಂತೇ ಇದ್ದರೆ ಅದು ಕ್ಲಚ್ಚಿನ ದೋಷ. ಟೈರಿಗೆ ಕೈ ಹಚ್ಚುವ ಅಗತ್ಯವೇ ಇಲ್ಲ. ಎಂಜಿನ್ ಉಸಿರುಗಟ್ಟಿ ಬಂದ್ ಬೀಳುತ್ತಿದ್ದರೆ ಗಾಲಿಗೆ ಹಿಡಿತ ಚೆನ್ನಾಗಿಯೇ ಇದೆ, ಗೇರು ಅಥವಾ ಹೊರೆ ಹೆಚ್ಚಾಗಿದೆ ಎಂದು ತಿಳಿಯಬೇಕು. ಒಂದೇ ಗಾಲಿ ತಿರುಗಿ ಇನ್ನೊಂದು ಸುಮ್ಮನೆ ನಿಂತಿದ್ದರೆ ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಗಾಲಿಗಳು ಒಟ್ಟಿಗೇ ತಿರುಗುವಂತೆ ಬೆಸೆಯುವ ಸಾಧನ) ಹತ್ತುತ್ತಿಲ್ಲ, ಇಲ್ಲವೇ ಚಾಲಕ ಅದನ್ನು ಹಾಕಿಯೇ ಇಲ್ಲ. ಎರಡೂ ತಿರುಗುತ್ತಿದ್ದರೆ ಮಾತ್ರ ತೂಕ, ಗಾಳಿ, ಟೈರಿನ ಹಲ್ಲು, ನೆಲ ಇವುಗಳ ಕಡೆ ಹೊರಳಬೇಕು.

ಡಿಫರೆನ್ಷಿಯಲ್ ಲಾಕಿನ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಅದರ ಪೆಡಲ್ ಹಿಮ್ಮಡಿಯ ಹತ್ತಿರ ಇರುವುದರಿಂದ ಕೆಸರು, ಹುಲ್ಲು, ಹಿಮ ಎಲ್ಲವೂ ಅದರ ಕೀಲಿನಲ್ಲಿ ಸೇರಿಕೊಳ್ಳುತ್ತವೆ. ರಾತ್ರಿ ಅಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಬೆಳಿಗ್ಗೆ ಪೆಡಲ್ ಕೆಳಗೆ ಹೋಗದು, ಹೋದರೆ ಮೇಲೆ ಬಾರದು. ಲಾಕನ್ನು ಗಾಲಿ ಜಾರತೊಡಗುವ ಮೊದಲೇ, ನಿಧಾನ ವೇಗದಲ್ಲಿ, ಸ್ಟೇರಿಂಗ್ ನೆಟ್ಟಗಿರುವಾಗ ಹಾಕಬೇಕು. ಒಂದು ಗಾಲಿ ರಭಸದಿಂದ ತಿರುಗುತ್ತಿರುವಾಗ ಪೆಡಲನ್ನು ತುಳಿದರೆ ಲಾಕಿನ ಹಲ್ಲುಗಳು ಮುರಿಯುತ್ತವೆ. ಹಾಕಿಕೊಂಡೇ ತಿರುವು ತೆಗೆದುಕೊಂಡರೆ ಟ್ರ್ಯಾಕ್ಟರ್ ತಿರುಗದೆ ನೇರ ಹೋಗುತ್ತದೆ. ಹಿಮದಲ್ಲಿ ಆ ನೇರ ಹೋಗುವಿಕೆ ಅಂಗಳದ ಗೋಡೆಯ ತನಕವೂ ಆಗಬಹುದು.

ಜಾರಿಕೆಯನ್ನು ಅಳೆಯುವುದು

ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಯಾವ ಟ್ರ್ಯಾಕ್ಟರೂ ಜಾರಿಕೆಯೇ ಇಲ್ಲದೆ ಎಳೆಯಲಾರದು. ಗಟ್ಟಿ ನೆಲದಲ್ಲಿ ಶೇಕಡಾ 8ರಿಂದ 12, ಮೆತ್ತನೆಯ ನೆಲದಲ್ಲಿ ಶೇಕಡಾ 15ರ ತನಕ ಜಾರಿಕೆ ಇದ್ದರೆ ಅದನ್ನು ದೋಷವೆಂದು ಎಣಿಸಬೇಕಿಲ್ಲ. ಅಳೆಯುವ ವಿಧಾನ ಸುಲಭ. ಹಿಂದಿನ ಟೈರಿನ ಪಕ್ಕದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆದು, ಬ್ಲೇಡ್ ಎತ್ತಿಕೊಂಡು, ಜಾರದ ನೆಲದ ಮೇಲೆ ಗಾಲಿ ಹತ್ತು ಸುತ್ತು ತಿರುಗುವಷ್ಟು ದೂರ ನಡೆಸಿ ಆ ದೂರವನ್ನು ಅಳೆದಿಟ್ಟುಕೊಳ್ಳಬೇಕು. ನಮ್ಮ ಕಡೆ ಸಾಮಾನ್ಯವಾಗಿರುವ 13.6-28 ಅಳತೆಯ ಟೈರಿನಲ್ಲಿ ಅದು ಸುಮಾರು 40 ಮೀಟರ್ ಬರುತ್ತದೆ. ಆಮೇಲೆ ಬ್ಲೇಡ್ ಇಳಿಸಿ, ಹಿಮ ತಳ್ಳುತ್ತ ಅದೇ ಹತ್ತು ಸುತ್ತು ಎಣಿಸಬೇಕು. ಹುಡುಗನಿಗೆ ಸಿಕ್ಕಿದ್ದು 24 ಮೀಟರ್. ಕಳೆದುಹೋದ 16 ಮೀಟರನ್ನು 40ರಿಂದ ಭಾಗಿಸಿದರೆ ಜಾರಿಕೆ ಶೇಕಡಾ 40. ಇಷ್ಟು ಜಾರಿಕೆ ಇದ್ದಾಗ ಡೀಸೆಲಿನ ಬಹುಭಾಗ ಹಿಮವನ್ನು ಉಜ್ಜಿ ಗಾಜಿನಂತೆ ನುಣುಪು ಮಾಡುವುದಕ್ಕೇ ಖರ್ಚಾಗುತ್ತದೆ, ಮತ್ತು ಆ ನುಣುಪು ಮುಂದಿನ ಸುತ್ತಿನ ಜಾರಿಕೆಯನ್ನು ಇನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಒಂದೊಂದು ತಿದ್ದುಪಡಿಯ ನಂತರವೂ ಇದೇ ಅಳತೆಯನ್ನು ಮತ್ತೆ ತೆಗೆದುಕೊಳ್ಳಬೇಕು; ಎರಡು ತಿದ್ದುಪಡಿಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದೇ ಇಲ್ಲ.

ತೂಕ ಎಲ್ಲಿ ಕೂತಿದೆ?

ಟ್ರ್ಯಾಕ್ಟರಿನ ಒಟ್ಟು ತೂಕಕ್ಕಿಂತ, ಎಳೆಯುವ ಗಾಲಿಯ ಮೇಲೆ ಬಿದ್ದ ತೂಕ ಎಷ್ಟು ಎಂಬುದು ಇಲ್ಲಿ ಮುಖ್ಯ. ಸುಮಾರು 2,000 ಕಿಲೋ ತೂಗುವ ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿನಲ್ಲಿ ಹಿಂದಿನ ಅಚ್ಚಿನ ಮೇಲೆ 1,240 ಕಿಲೋ, ಮುಂದಿನದರ ಮೇಲೆ 760 ಕಿಲೋ ಇದೆಯೆಂದು ಇಟ್ಟುಕೊಳ್ಳೋಣ. ಎರಡೂ ಅಚ್ಚುಗಳ ನಡುವೆ 2 ಮೀಟರ್ ಅಂತರವಿದ್ದು, 300 ಕಿಲೋದ ಬ್ಲೇಡನ್ನು ಅದರ ಚೌಕಟ್ಟಿನೊಂದಿಗೆ ಮುಂದಿನ ಅಚ್ಚಿಗಿಂತ 1 ಮೀಟರ್ ಮುಂದಕ್ಕೆ ತೂಗುಹಾಕಿದರೆ, ಸಂತೆಯ ತಕ್ಕಡಿಯ ಲೆಕ್ಕದಂತೆ ಮುಂದಿನ ಅಚ್ಚಿಗೆ 450 ಕಿಲೋ ಕೂಡುತ್ತದೆ, ಹಿಂದಿನದರಿಂದ 150 ಕಿಲೋ ಕಳೆಯುತ್ತದೆ. ಎಂದರೆ ಗಾಡಿಯ ತೂಕ 300 ಕಿಲೋ ಹೆಚ್ಚಿದರೂ ಎಳೆಯುವ ಗಾಲಿಯ ಮೇಲೆ ಉಳಿದದ್ದು 1,090 ಕಿಲೋ ಮಾತ್ರ. ಬ್ಲೇಡನ್ನು ಎತ್ತಿಕೊಂಡು ಹಿಂದಕ್ಕೆ ಬರುವಾಗಲೂ ಗಾಲಿ ಜಾರುವುದು ಇದೇ ಕಾರಣಕ್ಕೆ. ಬ್ಲೇಡ್ ಕಟ್ಟಿದ ದಿನದಿಂದ ಶುರುವಾದ ಜಾರಿಕೆಗೆ ಟೈರನ್ನು ದೂರುವವರಿಗೆ ನಾನು ಮೊದಲು ಈ ಲೆಕ್ಕ ತೋರಿಸುತ್ತೇನೆ.

ಇದಕ್ಕೆ ಮದ್ದು ಅದೇ ತಕ್ಕಡಿಯಲ್ಲಿದೆ. ಹಿಂದಿನ ಮೂರು ಕೊಂಡಿಗಳಿಗೆ ಕಬ್ಬಿಣದ ಪೆಟ್ಟಿಗೆಯೊಂದನ್ನು ಕಟ್ಟಿ, ಅದರಲ್ಲಿ ಕಲ್ಲು ಅಥವಾ ಕಾಂಕ್ರೀಟ್ ತುಂಬಿ 300 ಕಿಲೋ ಮಾಡಿದರೆ, ಅದರ ಭಾರದ ನಡು ಹಿಂದಿನ ಅಚ್ಚಿಗಿಂತ 1 ಮೀಟರ್ ಹಿಂದಕ್ಕಿದ್ದಾಗ ಹಿಂದಿನ ಗಾಲಿಗಳಿಗೆ 450 ಕಿಲೋ ಸಿಗುತ್ತದೆ ಮತ್ತು ಮುಂದಿನವುಗಳಿಂದ 150 ಕಿಲೋ ಇಳಿಯುತ್ತದೆ. ಈಗ ಹಿಂದೆ 1,540, ಮುಂದೆ 1,060. ಗಾಲಿಗೆ ಬೋಲ್ಟ್ ಮಾಡುವ ಎರಕದ ಕಬ್ಬಿಣದ ತೂಕಗಳೂ ಒಳ್ಳೆಯವೇ. ಆದರೆ ಅವು ತಮ್ಮ ತೂಕವನ್ನಷ್ಟೇ ಕೊಡುತ್ತವೆ, ಸನ್ನೆಯ ಲಾಭ ಕೊಡುವುದಿಲ್ಲ. ಪೆಟ್ಟಿಗೆಯನ್ನು ನೆಲಕ್ಕೆ ಹತ್ತಿರವಾಗಿ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಹಲಬೆಯ ಮೇಲೆ ಮನುಷ್ಯರನ್ನು ನಿಲ್ಲಿಸಿ ಭಾರ ಕೊಡುವ ಕೆಟ್ಟ ರೂಢಿಯೊಂದಿದೆ. ಘಾಟಿನ ಕೆಸರಿನಲ್ಲಿ ಅದನ್ನು ಕಂಡಾಗಲೇ ಎದೆ ಝಲ್ಲೆನ್ನುತ್ತದೆ. ಮಂಜುಗಡ್ಡೆಯ ಮೇಲೆ ಅದನ್ನು ಯೋಚಿಸಲೂ ಕೂಡದು.

ನಾನು ಮಾಡಿದ ತಪ್ಪು

ಪೆಟ್ಟಿಗೆ ಮಾಡಿಸಲು ಎರಡು ದಿನ ಬೇಕೆಂದು ಹುಡುಗ ಹೇಳಿದಾಗ, ಅಷ್ಟರಲ್ಲಿ ಟೈರಿಗೆ ನೀರು ತುಂಬು ಎಂದು ನಾನೇ ಹೇಳಿದೆ. ಇಂದಾಪುರ, ಬಾರಾಮತಿ ಕಡೆಯ ಹೊಲಗಳಿಗೆ ಹೋಗುವ ಟ್ರ್ಯಾಕ್ಟರುಗಳಿಗೆ ನಾವು ವರ್ಷವಿಡೀ ಮಾಡುವ ಕೆಲಸ ಅದು. ವಾಲ್ವ್ ಮೇಲ್ತುದಿಗೆ ಬರುವಂತೆ ಗಾಲಿಯನ್ನು ತಿರುಗಿಸಿ, ಜಾಕಿನ ಮೇಲೆ ಎತ್ತಿ, ವಾಲ್ವಿನ ಮಟ್ಟದವರೆಗೆ ನೀರು ತುಂಬಿದರೆ ಟ್ಯೂಬಿನ ಮುಕ್ಕಾಲು ಭಾಗ ತುಂಬುತ್ತದೆ; 13.6-28 ಟೈರಿಗೆ 150 ಲೀಟರಿನ ಆಸುಪಾಸು ನೀರು ಹಿಡಿಯುತ್ತದೆ. ಉಳಿದ ಕಾಲು ಭಾಗ ಗಾಳಿಗೆ ಬಿಟ್ಟಿದ್ದು. ಅದನ್ನೂ ನೀರಿನಿಂದ ತುಂಬಿದರೆ ಟೈರು ಕಲ್ಲಿನಂತಾಗಿ ಹೊಡೆತ ತಾಳುವುದಿಲ್ಲ. ಪುಣೆಯ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿದರೆ ನಾವು ಎರಡು ಸ್ವೆಟರ್ ಹಾಕಿಕೊಳ್ಳುತ್ತೇವೆ, ಆದರೆ ಟೈರಿನ ನೀರಿಗೆ ಏನೂ ಆಗುವುದಿಲ್ಲ. 3,000 ಮೀಟರಿಗೂ ಎತ್ತರದ ಲಾಹೌಲಿನಲ್ಲಿ ಜನವರಿಯ ರಾತ್ರಿ ಏನಾಗುತ್ತದೆಂದು ಯೋಚಿಸುವ ಸಂಯಮ ನನಗೆ ಆ ಹೊತ್ತಿನಲ್ಲಿ ಇರಲಿಲ್ಲ.

ಒಂದು ಗಾಲಿಗೆ ಸಂಜೆ ನೀರು ತುಂಬಿದರು. ಬೆಳಗಾಗುವಷ್ಟರಲ್ಲಿ ಅದು ಗಡ್ಡೆ ಕಟ್ಟಿತ್ತು. ಇನ್ನೊಂದಕ್ಕೂ ತುಂಬಲು ಹೊರಟಾಗ ಅಲ್ಲಿಯ ಮುದುಕ ಮೇಸ್ತ್ರಿಯೊಬ್ಬರು ಕಂಡು ತಡೆದರು, ಗಾಡಿಯನ್ನು ಅಲುಗಾಡಿಸದಂತೆಯೂ ಹೇಳಿದರು. ಒಳಗೆ ಹೆಪ್ಪುಗಟ್ಟಿದ ಟೈರನ್ನು ಉರುಳಿಸಿದರೆ ಗಡ್ಡೆಯ ಚೂಪಾದ ಅಂಚು ಟ್ಯೂಬನ್ನು ಕೊಯ್ಯುತ್ತದೆ ಮತ್ತು ಟೈರಿನ ಪಕ್ಕದ ಪದರಗಳು ಬಾಗಲಾರದೆ ಸೀಳುತ್ತವೆ. ಗಾಲಿಯನ್ನು ಬಿಚ್ಚಿ, ಕೊಟ್ಟಿಗೆಯೊಳಗೆ ಒಯ್ದು, ಬುಖಾರಿಯ (ಅಲ್ಲಿಯ ಕಾಯಿಸುವ ಒಲೆಯ) ಕಾವಿನಲ್ಲಿ ಎರಡು ದಿನ ಇಟ್ಟ ಮೇಲೆ ನೀರು ಇಳಿಯಿತು. ಆ ಎರಡು ದಿನದ ಬಾಡಿಗೆ ಹುಡುಗನಿಗೆ ಹೋಯಿತು. ಅದನ್ನು ನಾನು ತುಂಬಿಕೊಟ್ಟೆ.

ಚಳಿಯ ನಾಡಿನಲ್ಲಿ ಟೈರಿಗೆ ದ್ರವ ತುಂಬಲೇಬೇಕಾದರೆ ನೀರಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಬೇಕು. ಲೀಟರ್ ನೀರಿಗೆ ಸುಮಾರು 240 ಗ್ರಾಂ ಹಾಕಿದರೆ ಸೊನ್ನೆಗಿಂತ ಸಾಕಷ್ಟು ಕೆಳಗಿನ ಚಳಿಯಲ್ಲೂ ಅದು ದ್ರವವಾಗಿಯೇ ಉಳಿಯುತ್ತದೆ. ಇನ್ನೂ ಕಡುಚಳಿಗೆ 420 ಗ್ರಾಂ ಹಾಕುವ ಕ್ರಮವಿದೆ. ಈ ದ್ರಾವಣ ಬರಿಯ ನೀರಿಗಿಂತ ಭಾರವಾಗಿರುವುದು ಅದರ ಇನ್ನೊಂದು ಲಾಭ. ಕರಗಿಸುವಾಗ ಅದು ಚೆನ್ನಾಗಿ ಬಿಸಿಯಾಗುವುದರಿಂದ ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ತಣಿದ ಮೇಲೆಯೇ ಟೈರಿಗೆ ತುಂಬಬೇಕು. ಇದು ಕಬ್ಬಿಣವನ್ನು ತಿನ್ನುವ ವಸ್ತು. ನಮ್ಮ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಟ್ಯೂಬ್ ಇರುವುದರಿಂದ ರಿಮ್ಮಿಗೆ ನೇರವಾಗಿ ತಾಗುವುದಿಲ್ಲವಾದರೂ, ಪಂಕ್ಚರ್ ಆದ ದಿನವೇ ರಿಮ್ ಬಿಚ್ಚಿ ತೊಳೆಯದಿದ್ದರೆ ಕೆಲವೇ ತಿಂಗಳಲ್ಲಿ ತುಕ್ಕು ವಾಲ್ವಿನ ತೂತನ್ನು ಅಗಲ ಮಾಡಿಬಿಡುತ್ತದೆ. ಇಷ್ಟೆಲ್ಲ ಗೋಜಿಗಿಂತ ಹಿಂದಿನ ಪೆಟ್ಟಿಗೆಯೇ ಮೇಲು ಎಂಬುದು ಈಗ ನನ್ನ ಅಭಿಪ್ರಾಯ. ಕೆಲಸ ಮುಗಿದ ಮೇಲೆ ಅದನ್ನು ಕಳಚಿಡಬಹುದು.

ಗಾಳಿ ಮತ್ತು ಹಲ್ಲು

ರಸ್ತೆಯಲ್ಲಿ ಟ್ರಾಲಿ ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ 18ರಿಂದ 20 ಪೌಂಡ್ ಗಾಳಿ ಇರುವುದು ಸಾಮಾನ್ಯ. ಅದೇ ಗಾಳಿಯಲ್ಲಿ ಹಿಮಕ್ಕೆ ಇಳಿದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. 12ರಿಂದ 14 ಪೌಂಡಿಗೆ ಇಳಿಸಿದಾಗ ಹಲ್ಲುಗಳ ಪೂರ್ಣ ಅಗಲ ನೆಲ ಮುಟ್ಟುತ್ತದೆ. ಇನ್ನೂ ಇಳಿಸಿದರೆ ರಿಮ್ ಟೈರಿನೊಳಗೇ ಜಾರಿ ಟ್ಯೂಬಿನ ವಾಲ್ವ್ ಬುಡಸಮೇತ ಕಿತ್ತುಹೋಗುತ್ತದೆ. ಚಳಿ ಹೆಚ್ಚಿದಂತೆ ಗಾಳಿ ತಾನಾಗಿಯೇ ಕುಗ್ಗುವುದರಿಂದ ಬಿಸಿಲಿನಲ್ಲಿ ಅಳೆದ ಲೆಕ್ಕವನ್ನು ನಂಬದೆ ಬೆಳಿಗ್ಗೆ ಕೆಲಸಕ್ಕೆ ಮೊದಲು ಅಳೆಯಬೇಕು. ಎಡ ಬಲ ಟೈರುಗಳ ಗಾಳಿಯಲ್ಲಿ ವ್ಯತ್ಯಾಸವಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಟೈರನ್ನು ತಿರುಗುಮುರುಗಾಗಿ ಹಾಕಿದ ಗಾಡಿಗಳನ್ನು ನಾನು ವರ್ಷಕ್ಕೆ ಮೂರು ನಾಲ್ಕಾದರೂ ನೋಡುತ್ತೇನೆ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದಾಗ ಹಲ್ಲುಗಳ ಬಾಣದ ತುದಿ ಮೇಲ್ಮುಖವಾಗಿ ಕಾಣಬೇಕು. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಗುರುತೂ ಇರುತ್ತದೆ. ತಿರುಗುಮುರುಗಾದ ಟೈರು ಕೆಸರನ್ನು ಹೊರಕ್ಕೆ ಎಸೆಯುವ ಬದಲು ನಡುವಿಗೆ ತುಂಬಿಕೊಂಡು ಬೋಳಾಗುತ್ತದೆ. ಒದ್ದೆ ಹಿಮವೂ ಹಾಗೆಯೇ ಹಲ್ಲುಗಳ ನಡುವೆ ಅಂಟಿಕೊಳ್ಳುತ್ತದೆ. ಆದರೆ ಗಟ್ಟಿ ಮಂಜುಗಡ್ಡೆಯ ವಿಷಯ ಬೇರೆ. ಹೊಲದ ಟೈರಿನ ಎತ್ತರದ, ವಿರಳವಾದ ಹಲ್ಲುಗಳು ಮೆತ್ತನೆಯ ಮಣ್ಣಿನೊಳಗೆ ಇಳಿದು ಹಿಡಿಯಲೆಂದೇ ಆಗಿರುವವು. ಗಡ್ಡೆಯೊಳಗೆ ಅವು ಇಳಿಯುವುದಿಲ್ಲ. ಅದರ ಮೇಲೆ ನಿಲ್ಲುವ ರಬ್ಬರಿನ ಅಂಚುಗಳೂ ಕಡಿಮೆ. ಅದಕ್ಕಾಗಿಯೇ ಹಿಮದ ದೇಶಗಳಲ್ಲಿ ರಸ್ತೆ ಬಿಡಿಸುವ ಟ್ರ್ಯಾಕ್ಟರುಗಳಿಗೆ ಸಣ್ಣ ಚೌಕಗಳಾಗಿ ಕತ್ತರಿಸಿದಂಥ ಹಲ್ಲಿನ ಟೈರು ಹಾಕುತ್ತಾರೆ. ಕಬ್ಬಿನ ಗದ್ದೆಗೆ ಹೊಸ ಟೈರು ಹಾಕಿಸಿದ ಗಾಡಿಯೇ ಮಂಜುಗಡ್ಡೆಯ ಮೇಲೆ ಹಳೆಯ ಗಾಡಿಗಿಂತ ಹೆಚ್ಚು ಜಾರಿದರೆ ಆಶ್ಚರ್ಯಪಡಬೇಕಾಗಿಲ್ಲ.

ನೆಲದ ಗುಣ, ಮತ್ತು ತೂಕ ಸೋಲುವ ಜಾಗ

ಪೆಟ್ಟಿಗೆ ಕಟ್ಟಿದ ಮೇಲೆ ಹುಡುಗನ ಅಳತೆ ಸುಧಾರಿಸಿತು, ಆದರೆ ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನ ಅಂಗಳದ ಇಳಿಜಾರಿನಲ್ಲಿ ಮತ್ತೆ ಅದೇ ಕಥೆ. ಇದರಲ್ಲೇ ರೋಗದ ಗುರುತು ಇತ್ತು.

ರಬ್ಬರು ನೆಲವನ್ನು ಹಿಡಿಯುವ ಶಕ್ತಿಯನ್ನು ಅದರ ಮೇಲಿನ ತೂಕದ ಪಾಲಾಗಿ ಹೇಳುವುದು ವಾಡಿಕೆ. ಒಣ ಡಾಂಬರಿನ ಮೇಲೆ ಆ ಪಾಲು 0.7ರ ಸುತ್ತ, ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3, ಮಂಜುಗಡ್ಡೆಯ ಮೇಲೆ 0.1, ಅದರ ಮೇಲೆ ನೀರಿನ ಪೊರೆ ಬಂದರೆ ಇನ್ನೂ ಕಡಿಮೆ. ಸೊನ್ನೆಗಿಂತ ಬಹಳ ಕೆಳಗಿರುವ ಒಣ ಗಡ್ಡೆ ಸ್ವಲ್ಪವಾದರೂ ಹಿಡಿತ ಕೊಡುತ್ತದೆ. ಬಿಸಿಲಿಗೆ ಕರಗಲು ಹೊರಟ ಗಡ್ಡೆ ಎಲ್ಲಕ್ಕಿಂತ ಹೆಚ್ಚು ಜಾರುತ್ತದೆ. ಬೆಳಿಗ್ಗೆ ನಡೆದ ಗಾಡಿ ಮಧ್ಯಾಹ್ನ ಸೋತದ್ದು ಅದಕ್ಕೇ.

ಈಗ ಹಿಂದಿನ ಲೆಕ್ಕವನ್ನೇ ಮುಂದುವರಿಸೋಣ. ಗಟ್ಟಿ ಹಿಮದ ಮೇಲೆ 0.25 ಎಂದು ಹಿಡಿದರೆ, 1,090 ಕಿಲೋ ತೂಕದ ಗಾಲಿಗಳು ಸುಮಾರು 270 ಕಿಲೋ ಬಲದಿಂದ ತಳ್ಳಬಲ್ಲವು. ಪೆಟ್ಟಿಗೆ ಕಟ್ಟಿದಾಗ 385. ನೂರು ಕಿಲೋಗೂ ಮೀರಿದ ಲಾಭ. ಮಂಜುಗಡ್ಡೆಯ ಮೇಲೆ ಅದೇ ಗಾಲಿಗಳ ಬಲ 109ರಿಂದ 154ಕ್ಕೆ ಏರುತ್ತದೆ ಅಷ್ಟೆ. ಆ ಅಂಗಳ ಹತ್ತು ಮೀಟರಿಗೆ ಒಂದು ಮೀಟರ್ ಏರುವಂಥದು. ಒಟ್ಟು 2,600 ಕಿಲೋದ ಗಾಡಿ ಬ್ಲೇಡ್ ಎತ್ತಿಕೊಂಡು ಬರಿದೇ ಆ ಏರನ್ನು ಹತ್ತಲು 260 ಕಿಲೋ ಬಲ ಬೇಕು. ಇರುವುದು 154. ಇನ್ನೂ ತೂಕ ಹೇರಿದರೆ ಬಲ ಹೆಚ್ಚುತ್ತದೆ, ಹತ್ತಿಸಬೇಕಾದ ಹೊರೆಯೂ ಜೊತೆಗೇ ಹೆಚ್ಚುತ್ತದೆ. ತೂಕದ ಅಷ್ಟೂ ಭಾಗ ಹಿಂದಿನ ಗಾಲಿಗಳ ಮೇಲೆಯೇ ಕೂತಿದೆ ಎಂದುಕೊಂಡರೂ ಈ ಏರಿನಲ್ಲಿ ಬಲವೂ ಬೇಡಿಕೆಯೂ ಸರಿಸಮವಾಗಿ ನಿಲ್ಲುತ್ತವೆ, ಹಿಮ ತಳ್ಳಲು ಏನೂ ಉಳಿಯುವುದಿಲ್ಲ. ‘ಇನ್ನೂ ನಾಲ್ಕು ಕಲ್ಲು ಹಾಕೋಣವೇ’ ಎಂದು ಹುಡುಗ ಕೇಳಿದಾಗ ನಾನು ಕಾಗದದ ಮೇಲೆ ಈ ಲೆಕ್ಕ ಬರೆದು, ಫೋಟೋ ತೆಗೆದು ಕಳಿಸಿದೆ.

ಕೆಸರಿಗೂ ಇಂಥದೊಂದು ಮಿತಿ ಇದೆ, ಬೇರೆ ದಾರಿಯಿಂದ. ಕಪ್ಪು ಮಣ್ಣು ನೆನೆದಾಗ ಹೆಚ್ಚು ತೂಕದ ಗಾಡಿ ಹೂತು ಹೋಗುತ್ತದೆ, ಹಲ್ಲು ಎಷ್ಟು ಹಿಡಿದರೂ ತನ್ನ ಗುಂಡಿಯಿಂದಲೇ ಮೇಲೆ ಬರಲಾರದು. ಗದ್ದೆಗೆ ಇಳಿಯುವವರು ತೂಕ ಹೇರದೆ ಕೇಜ್ ವೀಲ್ (ಪಂಜರದಂಥ ಅಗಲವಾದ ಕಬ್ಬಿಣದ ಗಾಲಿ) ಕಟ್ಟುವುದು ಅದಕ್ಕಾಗಿಯೇ.

ಸರಪಳಿ

ಮಂಜುಗಡ್ಡೆಯ ಮೇಲೆ ತೂಕದ ಬದಲು ಹಿಡಿತದ ಪಾಲನ್ನೇ ಹೆಚ್ಚಿಸಬೇಕು, ಮತ್ತು ಆ ಕೆಲಸವನ್ನು ಉಕ್ಕಿನ ಸರಪಳಿಯಷ್ಟು ಚೆನ್ನಾಗಿ ಮಾಡುವ ಬೇರೊಂದು ಸಾಧನವಿಲ್ಲ. ಸರಪಳಿಯ ಕೊಂಡಿಗಳು ಗಡ್ಡೆಯನ್ನು ಕೊರೆದು ಕೂರುವುದರಿಂದ ಹಿಡಿತ ದುಪ್ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗುತ್ತದೆ. ಆದರೆ ಟ್ರ್ಯಾಕ್ಟರಿಗೆ ಯಾವ ಸರಪಳಿಯಾದರೂ ಆಗದು. ಲಾರಿಗೆ ಹಾಕುವ ಏಣಿಯಂಥ ಸರಪಳಿಯನ್ನು ಹುಡುಗ ಮೊದಲು ಹಾಕಿದ್ದ. ಅದರ ಅಡ್ಡಸಾಲುಗಳು ಹೊಲದ ಟೈರಿನ ಹಲ್ಲುಗಳ ನಡುವಿನ ಕಣಿವೆಗೆ ಬಿದ್ದು ಅಡಗಿಕೊಂಡವು, ನೆಲ ಮುಟ್ಟಿದ್ದು ಮತ್ತೆ ರಬ್ಬರೇ. ಹಲ್ಲಿನ ಟೈರಿಗೆ ಅಡ್ಡಸಾಲುಗಳನ್ನು ಉದ್ದಕ್ಕೂ ಪರಸ್ಪರ ಜೋಡಿಸಿದ, ಬಲೆಯಂತೆ ಹರಡಿಕೊಳ್ಳುವ ಸರಪಳಿಯೇ ಬೇಕು. ಅದು ಕಣಿವೆಗೆ ಬೀಳದೆ ಹಲ್ಲುಗಳ ನೆತ್ತಿಯ ಮೇಲೆ ನಿಲ್ಲುತ್ತದೆ.

ಕಟ್ಟುವ ಮೊದಲು ಟೈರಿಗೂ ಮಡ್‌ಗಾರ್ಡಿಗೂ, ಟೈರಿಗೂ ಹೈಡ್ರಾಲಿಕ್ ತೋಳಿಗೂ ನಡುವೆ ಕೈ ಆಡುವಷ್ಟು ಜಾಗ ಇದೆಯೇ ಎಂದು ನೋಡಬೇಕು. ಕಬ್ಬಿನ ಸಾಲಿಗಾಗಿ ಗಾಲಿಗಳನ್ನು ಒಳಕ್ಕೆ ತಂದುಕೊಂಡ ಗಾಡಿಗಳಲ್ಲಿ ಆ ಜಾಗ ಇರುವುದಿಲ್ಲ. ರಿಮ್ಮನ್ನು ತಿರುಗಿಸಿ ಹಾಕಿ ಗಾಲಿಗಳ ಅಂತರವನ್ನು ಅಗಲ ಮಾಡಿಕೊಳ್ಳಬೇಕು, ಇಳಿಜಾರಿನಲ್ಲಿ ಗಾಡಿ ಮಗುಚದಿರಲೂ ಇದು ಸಹಾಯಕ. ಸರಪಳಿಯನ್ನು ಸಮನೆಲದ ಮೇಲೆ ಹಾಸಿ, ತಿರುಚು ಬಿಡಿಸಿ, ಕೊಂಡಿಗಳ ಒರಟು ಮುಖ ಹೊರಗಿರುವಂತೆ ಹೊದಿಸಿ ಬಿಗಿಯಬೇಕು. ಅರ್ಧ ಕಿಲೋಮೀಟರಿನೊಳಗೆ ಅದು ಕೂತುಕೊಂಡು ಸಡಿಲವಾಗುತ್ತದೆ. ಆಗ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಈ ಎರಡನೆಯ ಬಿಗಿತವನ್ನು ಮರೆತವರ ಸರಪಳಿ ಹರಿದು ಮಡ್‌ಗಾರ್ಡನ್ನು ಹೊಡೆದಿರುತ್ತದೆ. ಬರಿಯ ಡಾಂಬರಿನ ಮೇಲೆ ಸರಪಳಿಯೊಂದಿಗೆ ಓಡಿಸಿದರೆ ರಸ್ತೆಯೂ ಹಾಳು, ಸರಪಳಿಯೂ ಹಾಳು.

ಎರಡೇ ಸರಪಳಿ ಇದ್ದರೆ ಹಿಂದಿನ ಗಾಲಿಗಳಿಗೇ ಹಾಕಬೇಕು. ಟ್ರ್ಯಾಕ್ಟರಿನ ಬ್ರೇಕುಗಳು ಸಾಮಾನ್ಯವಾಗಿ ಹಿಂದಿನ ಗಾಲಿಗಳಿಗೆ ಮಾತ್ರ ಇರುವುದರಿಂದ, ಇಳಿಜಾರಿನಲ್ಲಿ ನಿಲ್ಲಿಸುವ ಶಕ್ತಿಯೂ ಅಲ್ಲಿಂದಲೇ ಬರಬೇಕು. ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದು ಮಾಡಿಕೊಂಡೇ ಹಿಮದ ಮೇಲೆ ಓಡಿಸಬೇಕು. ಒಂದೇ ಬ್ರೇಕ್ ಹಿಡಿದರೆ ಗಾಡಿ ನಿಂತಲ್ಲೇ ಬುಗುರಿಯಾಗುತ್ತದೆ. ಮುಂದಿನ ಸಣ್ಣ ಗಾಲಿಗಳು ತಿರುವಿನಲ್ಲಿ ನೆಟ್ಟಗೆ ಜಾರುತ್ತಿದ್ದರೆ ಅವುಗಳಿಗೂ ಒಂದು ಜೊತೆ ಸರಪಳಿ ಕೊಳ್ಳುವುದು ವ್ಯರ್ಥ ಖರ್ಚಲ್ಲ.

ಸರಪಳಿ ಸಿಗುವ ತನಕ ಮರಳು, ಸಣ್ಣ ಜಲ್ಲಿ, ಒಲೆಯ ಬೂದಿ ಇವುಗಳನ್ನು ಗಾಲಿಯ ಹಾದಿಯಲ್ಲಿ ಎರಚಿಕೊಳ್ಳಬಹುದು. ಉಪ್ಪು ಸೊನ್ನೆಯ ಹತ್ತಿರದ ಚಳಿಯಲ್ಲಿ ಚೆನ್ನಾಗಿ ಕರಗಿಸುತ್ತದೆ, ಸೊನ್ನೆಗಿಂತ 10 ಡಿಗ್ರಿ ಕೆಳಗೆ ಹೋದರೆ ಮಂಕಾಗುತ್ತದೆ.

ಬ್ಲೇಡ್ ಮತ್ತು ಚಾಲಕ

ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರಿಗೆ ನೂರು ಕಿಲೋ ತೂಗುವುದೂ ಅಪರೂಪ. ತುಳಿದು, ಕರಗಿ, ಮತ್ತೆ ಗಟ್ಟಿಯಾದದ್ದು ನಾನೂರು ಕಿಲೋ ದಾಟುತ್ತದೆ. ಆರಡಿ ಬ್ಲೇಡಿನ ಮುಂದೆ ಅರ್ಧ ಘನ ಮೀಟರ್ ರಾಶಿ ನಿಂತರೆ ಒಂದರಲ್ಲಿ ಐವತ್ತು ಕಿಲೋಗಿಂತ ಕಡಿಮೆ ಹೊರೆ, ಇನ್ನೊಂದರಲ್ಲಿ ಇನ್ನೂರಕ್ಕೂ ಮೇಲೆ. ಸಂಜೆ ಒಟ್ಟಿಗೆ ತೆಗೆದರಾಯಿತೆಂದು ಬಿಡುವ ಬದಲು ಹಿಮ ಬೀಳುತ್ತಿರುವಾಗಲೇ ಎರಡು ಮೂರು ಸಲ ತೆಗೆಯುವ ಅಂಗಳದಲ್ಲಿ ಅರ್ಧ ದೋಷ ಹುಟ್ಟುವುದೇ ಇಲ್ಲ.

ಬ್ಲೇಡನ್ನು ಓರೆಯಾಗಿಸಿ ಹಿಮವನ್ನು ಪಕ್ಕಕ್ಕೆ ಹೊರಳಿಸುತ್ತ ಹೋದರೆ ಹೊರೆ ಬೆಳೆಯುವುದಿಲ್ಲ. ಹೈಡ್ರಾಲಿಕ್ ಲಿವರನ್ನು ತೇಲುವ ಸ್ಥಾನದಲ್ಲಿ ಬಿಟ್ಟು ಬ್ಲೇಡ್ ತನ್ನ ತೂಕದಿಂದಲೇ ಕೂರುವಂತೆ ಮಾಡಬೇಕು. ಗಡ್ಡೆ ಕೀಳಲೆಂದು ಬ್ಲೇಡನ್ನು ಹೈಡ್ರಾಲಿಕ್ ಬಲದಿಂದ ನೆಲಕ್ಕೆ ಒತ್ತಿದರೆ ಮುಂದಿನ ಗಾಲಿಗಳು ಹಗುರಾಗಿ ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಗೇರಿನ ವಿಷಯದಲ್ಲಿ ನಮ್ಮವರ ಅಭ್ಯಾಸ ತಲೆಕೆಳಗಾಗಬೇಕು. ಕೆಸರಿನಲ್ಲಿ ಸಿಕ್ಕಾಗ ಮೊದಲ ಗೇರಿಗೆ ಹಾಕಿ ಥ್ರಾಟಲ್ ಎಳೆಯುವುದು ರೂಢಿ. ಗಡ್ಡೆಯ ಮೇಲೆ ಅದೇ ಗಾಲಿಯನ್ನು ಕಿತ್ತು ತಿರುಗಿಸುತ್ತದೆ. ಒಂದೆರಡು ಗೇರು ಮೇಲಿಟ್ಟು, ಎಂಜಿನನ್ನು ಮೆಲ್ಲಗೆ ಓಡಿಸಿ, ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಗಾಲಿ ಜಾರಿದ ಕ್ಷಣವೇ ನಿಲ್ಲಿಸಿ ಹಿಂದಕ್ಕೆ ಬರಬೇಕು. ಸಿಕ್ಕಿಬಿದ್ದ ಗಾಡಿಯನ್ನು ಎಳೆಸುವಾಗ ಎಳೆಯಲು ಬಳಸುವ ಸರಪಳಿಯನ್ನು ಎಳೆಯುವ ಟ್ರ್ಯಾಕ್ಟರಿನ ಕೆಳಗಿನ ಡ್ರಾಬಾರಿಗೆ (ಹಿಂಬದಿಯ ಎಳೆಯುವ ಪಟ್ಟಿಗೆ) ಮಾತ್ರ ಕಟ್ಟಬೇಕು. ಅಚ್ಚಿಗಿಂತ ಮೇಲೆ ಕಟ್ಟಿದರೆ ಗಾಡಿಯ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ.

ಫೋರ್ ವೀಲ್ ಡ್ರೈವ್ ಗಾಡಿಯಾದರೆ ಒಂದು ಪರೀಕ್ಷೆ ಹೆಚ್ಚು. ಅದರ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಶೇಕಡಾ 1ರಿಂದ 5ರಷ್ಟು ಮುಂದೆ ಓಡುವಂತೆ ಗೇರುಗಳನ್ನು ಕೂರಿಸಿರುತ್ತಾರೆ. ಹಿಂದೆ ಹೊಸ ಟೈರು ಹಾಕಿ ಮುಂದೆ ಸವೆದದ್ದನ್ನೇ ಉಳಿಸಿದರೆ, ಅಥವಾ ಬೇರೆ ಅಳತೆಯದನ್ನು ಹಾಕಿದರೆ ಈ ಹೊಂದಾಣಿಕೆ ಕೆಟ್ಟು, ಎರಡು ಜೊತೆ ಗಾಲಿಗಳು ಒಂದನ್ನೊಂದು ತಡೆಯುತ್ತವೆ.

ಬಲೆಯಂಥ ಸರಪಳಿ ಮನಾಲಿಯಿಂದ ಬಂದದ್ದು ಫೆಬ್ರವರಿಯ ಮೊದಲ ವಾರ. ಪೆಟ್ಟಿಗೆ, 13 ಪೌಂಡ್ ಗಾಳಿ, ಸರಪಳಿ ಮೂರೂ ಸೇರಿದ ಮೇಲೆ ಹುಡುಗ ಸುಣ್ಣದ ಗೆರೆಯನ್ನು ಮತ್ತೆ ಎಳೆದು ಮಧ್ಯಾಹ್ನದ ಹೊತ್ತಿಗೇ ಅಳೆದ: ಹತ್ತು ಸುತ್ತಿಗೆ 36 ಮೀಟರ್, ಜಾರಿಕೆ ಶೇಕಡಾ 10. ಆ ಇಳಿಜಾರನ್ನು ಅವನು ಈಗ ಮೇಲಿನಿಂದ ಕೆಳಕ್ಕೆ ಮಾತ್ರ ತಳ್ಳುತ್ತಾನೆ, ಖಾಲಿ ಬ್ಲೇಡಿನಿಂದ ಹತ್ತುತ್ತಾನೆ. ಪೆಟ್ಟಿಗೆಯನ್ನು ಮಾರ್ಚಿನ ನಂತರ ಇಲ್ಲಿಗೇ ತರಲು ಹೇಳಿದ್ದೇನೆ. ಜೂನಿನಲ್ಲಿ ತಾಮ್ಹಿಣಿಯ ಕೆಸರಿಗೆ ಹೋಗುವ ಗಾಡಿಗಳಲ್ಲಿ ಎರಡಕ್ಕೆ ಮುಂಬದಿಯ ಬ್ಲೇಡ್ ಇದೆ, ಹಿಂದೆ ಏನೂ ಇಲ್ಲ.